ಡಾಕ್ಟರ ಮುಂದೆ ನಾಲ್ಕು ಜನ ಹೇಳಿದ ಸುಳ್ಳು

"ಸಂಬಂಧದಲ್ಲೇ ಮದುವೆ ಆಗಿರೋದಾ?"

ಡಾಕ್ಟರು ತಲೆ ಎತ್ತದೆ, ಪೆನ್ನನ್ನು ಫಾರಂ ಮೇಲೆ ಊರಿಕೊಂಡೇ ಕೇಳಿದರು. ನಾವು ನಾಲ್ಕೂ ಜನ ಒಂದೇ ಸಲಕ್ಕೆ "ಇಲ್ಲ" ಅಂದೆವು. ಶಾಲೆಯಲ್ಲಿ ಮಗ್ಗಿ ಒಪ್ಪಿಸುವಾಗಲೂ ನಮ್ಮಿಂದ ಅಷ್ಟು ಒಕ್ಕೊರಲಿನ ಉತ್ತರ ಬಂದಿರಲಿಲ್ಲ.

"ಇದು ಮೊದಲನೇ ಮಗುನಾ?"

"ಹೌದು ಮೇಡಂ." ಈ ಸಲ ನಾನೊಬ್ಬಳೇ ಹೇಳಿದೆ. ಉಳಿದ ಮೂವರು ನೆಲ ನೋಡುತ್ತಿದ್ದರು.

ಎರಡೂ ಸುಳ್ಳು.

ನಾಲ್ಕು ಜನ ಯಾರು ಅಂತ ಮೊದಲೇ ಹೇಳಿಬಿಡುತ್ತೇನೆ, ಇಲ್ಲದಿದ್ದರೆ ನಮ್ಮ ಮನೆಯ ಸಂಬಂಧಗಳ ಗೋಜಲಿನಲ್ಲಿ ನೀವು ದಾರಿ ತಪ್ಪುತ್ತೀರಿ. ಒಬ್ಬಳು ನಾನು. ಇನ್ನೊಬ್ಬಳು ನನ್ನ ಅಕ್ಕ ಸರೋಜ. ಆಮೇಲೆ ನಮ್ಮಿಬ್ಬರ ತಮ್ಮ ಗಿರೀಶ, ಅವನ ಹೆಂಡತಿ ಶ್ವೇತಾ. ಈ ಶ್ವೇತಾ ಬೇರೆ ಯಾರೂ ಅಲ್ಲ, ಸರೋಜಕ್ಕನ ಮಗಳು. ಗಿರೀಶ ಮದುವೆಯಾಗಿರುವುದು ತನ್ನ ಅಕ್ಕನ ಮಗಳನ್ನೇ. ಅಂದು ಶ್ವೇತಾಳ ಮಡಿಲಲ್ಲಿ ಮಲಗಿದ್ದ ನಾಲ್ಕೂವರೆ ತಿಂಗಳ ಇಂಚರಳಿಗೆ ನಾನು ಅಪ್ಪನ ಕಡೆಯಿಂದ ಸೋದರತ್ತೆ, ಅಮ್ಮನ ಕಡೆಯಿಂದ ಚಿಕ್ಕಜ್ಜಿ. (ಅತ್ತೆ ಅಂತಲೇ ಕರೆಯಬೇಕು ಎಂದು ಅವಳಿಗೆ ಈಗಲೇ ಹೇಳಿಟ್ಟಿದ್ದೇನೆ. ನಲವತ್ತೇಳಕ್ಕೆ ಅಜ್ಜಿ ಅನ್ನಿಸಿಕೊಳ್ಳುವ ಆಸೆ ನನಗಿಲ್ಲ.)

ಇಂಚರ ಹುಟ್ಟಿದಾಗ ದುಂಡಗಿದ್ದಳು. ಎರಡು ತಿಂಗಳು ತುಂಬುವ ಹೊತ್ತಿಗೆ ನಾಲಗೆ ಮೇಲೆ ಹಾಲಿನ ಕೆನೆಯ ಹಾಗೆ ಬಿಳಿ ಕಟ್ಟಿತು. ಒರೆಸಿದರೆ ಹೋಗಲಿಲ್ಲ, ಔಷಧಿ ಹಚ್ಚಿದರೆ ಹೋಗಿ ಮತ್ತೆ ಬಂತು. ಆಮೇಲೆ ಭೇದಿ. ಆಮೇಲೆ ಕೆಮ್ಮು. ಹುಟ್ಟಿದಾಗ ಹಾಕಿದ ಕ್ಷಯದ ಲಸಿಕೆಯ ಜಾಗ ವಾಸಿಯಾಗದೆ ಕೀವು ಕಟ್ಟಿಕೊಂಡು, ಕಂಕುಳಲ್ಲಿ ಗಂಟು ಎದ್ದಿತು. ತೂಕದ ಯಂತ್ರದ ಮುಳ್ಳು ಮುಂದೆ ಹೋಗುವುದನ್ನು ಬಿಟ್ಟು ಹಿಂದಕ್ಕೆ ಬರತೊಡಗಿತು. ಮೂರು ಕಡೆ ತೋರಿಸಿದೆವು. ಮೂರೂ ಕಡೆ ಈ ಪ್ರಶ್ನೆ ಕೇಳಿದರು, ಮೂರೂ ಕಡೆ ಇದೇ ಸುಳ್ಳು ಹೇಳಿದೆವು, ಮೂರೂ ಕಡೆಯಿಂದ ಒಂದೊಂದು ಆಂಟಿಬಯಾಟಿಕ್ ಬಾಟಲಿ ತಂದೆವು.

ನಾವೇನು ಓದು ಬರಹ ಇಲ್ಲದವರಾ? ನಾನು ನೋಡಿದರೆ ಈ ಅಂಕಣದಲ್ಲಿ ವಾರ ವಾರ ನಿಮಗೆ ಬುದ್ಧಿ ಹೇಳುವವಳು. ಗಿರೀಶ ಕಾರ್ ಶೋರೂಮಿನಲ್ಲಿ ಕೆಲಸ ಮಾಡುತ್ತಾನೆ, ಗಾಡಿ ಸರ್ವೀಸಿಗೆ ತರುವವರು ಗುಂಡಿಗೆ ಬಿದ್ದದ್ದನ್ನು ಮುಚ್ಚಿಟ್ಟರೆ ಬೈಯುವುದೇ ಅವನ ಕಸುಬು. ಹಾಗಿದ್ದರೂ ಸುಳ್ಳು ಯಾಕೆ?

ಯಾಕೆಂದರೆ ನಿಜ ಹೇಳಿ ಒಮ್ಮೆ ನೋಡಿದ್ದೆವು.

ಇಂಚರಳಿಗಿಂತ ಮೊದಲು ಧೃತಿ ಇದ್ದಳು. ಅವಳಿಗೂ ಹೀಗೆಯೇ ಶುರುವಾಗಿತ್ತು. ಅವಳನ್ನು ಸೇರಿಸಿದ್ದ ಆಸ್ಪತ್ರೆಯಲ್ಲಿ (ಹೆಸರು ಬೇಡ) ದೊಡ್ಡ ಡಾಕ್ಟರು ಸ್ಟೂಡೆಂಟುಗಳ ದಂಡು ಕಟ್ಟಿಕೊಂಡು ರೌಂಡ್ಸ್‌ಗೆ ಬಂದರು. ಅದೇ ಪ್ರಶ್ನೆ. ಶ್ವೇತಾ ಹೌದು ಅಂದಳು, ನಮ್ಮಮ್ಮನ ತಮ್ಮ ಅಂದಳು. "ಏನಮ್ಮ, ಊರಲ್ಲಿ ಬೇರೆ ಗಂಡೇ ಸಿಗ್ಲಿಲ್ವಾ ನಿಂಗೆ? ಮಾವನ್ನ ಮದ್ವೆ ಆಗೋದು, ಆಮೇಲೆ ನಮ್ಮ ಪ್ರಾಣ ತಿನ್ನೋದು." ಸ್ಟೂಡೆಂಟುಗಳಲ್ಲಿ ಯಾರೋ ಕಿಸಕ್ಕೆಂದರು. ಪಕ್ಕದ ಮಂಚದವರು ತಿರುಗಿ ನೋಡಿದರು. ದೊಡ್ಡ ಡಾಕ್ಟರು ಮುಂದಿನ ಮಂಚಕ್ಕೆ ಹೋದರು. ಬೈದರೇ ಹೊರತು ಆ ಉತ್ತರವನ್ನು ಇಟ್ಟುಕೊಂಡು ಮುಂದೆ ಏನನ್ನೂ ಹುಡುಕಲಿಲ್ಲ. ಏಳು ತಿಂಗಳಿಗೆ ಧೃತಿ ಹೋದಳು. ಕಾಗದದಲ್ಲಿ ನ್ಯುಮೋನಿಯಾ ಎಂದು ಬರೆದರು.

ನೆಂಟರು ಬರೆಯಲಿಲ್ಲ, ಬಾಯಲ್ಲೇ ಹೇಳಿದರು. ಶ್ವೇತಾಳ ಕಾಲ್ಗುಣ ಅಂದರು. ಯಾವ ಕಾಲ್ಗುಣ? ಹುಡುಗಿ ಹುಟ್ಟಿ ಬೆಳೆದದ್ದೇ ನಮ್ಮ ಮನೆಯಲ್ಲಿ, ಹೊಸದಾಗಿ ಎಲ್ಲಿಂದ ಕಾಲಿಟ್ಟಳು? ಹೀಗೆ ಕೇಳಬೇಕಾಗಿತ್ತು. ನಾನು ಕೇಳಲಿಲ್ಲ.

ಅಂದಿನಿಂದ ಮನೆಯಲ್ಲಿ ಯಾರೂ ಹೇಳದ, ಎಲ್ಲರೂ ಪಾಲಿಸುವ ಒಂದು ನಿಯಮ ಬಂತು. ಮದುವೆ ಸಂಬಂಧದಲ್ಲಿ ಆದದ್ದಲ್ಲ. ಧೃತಿ ಹುಟ್ಟಿರಲೇ ಇಲ್ಲ.

ಈಗ ಮತ್ತೆ ಆ ನಾಲ್ಕನೇ ಡಾಕ್ಟರ ರೂಮಿಗೆ ಬನ್ನಿ. ಮೂವತ್ತೈದರ ಆಸುಪಾಸಿನ ಹೆಣ್ಣುಮಗಳು, ಮೈಸೂರಿಗೆ ಬಂದು ಹೆಚ್ಚು ದಿನ ಆಗಿರಲಿಲ್ಲ. ನಮ್ಮ ಎರಡು ಸುಳ್ಳನ್ನೂ ನೀಟಾಗಿ ಫಾರಂನಲ್ಲಿ ಬರೆದುಕೊಂಡರು. ರಕ್ತದ ರಿಪೋರ್ಟ್ ಇದೆಯಾ ಎಂದರು. ರಿಪೋರ್ಟ್ ಸರೋಜಕ್ಕನ ಬ್ಯಾಗಿನಲ್ಲಿತ್ತು. ಗಿರೀಶ ಕೈ ಚಾಚಿ, "ಅಕ್ಕ, ಆ ಫೈಲ್ ಕೊಡಕ್ಕ" ಅಂದ.

ಡಾಕ್ಟರು ಪೆನ್ನು ಕೆಳಗಿಟ್ಟರು.

"ಇವರು ಮಗು ತಾಯಿಯ ತಾಯಿ ಅಂದ್ರಲ್ಲ?"

ಹುಟ್ಟಿದಾಗಿನಿಂದ ಅಕ್ಕ ಎಂದು ಕರೆದವಳನ್ನು ಮದುವೆಯಾದ ಮೇಲೆ ಅತ್ತೆ ಎಂದು ಕರೆಯಲು ಗಿರೀಶನಿಗೆ ನಾಲಗೆ ಹೊರಳಿಲ್ಲ, ಇವತ್ತಿಗೂ ಹೊರಳುವುದಿಲ್ಲ. ಸುಳ್ಳನ್ನು ಅಷ್ಟು ಚೆನ್ನಾಗಿ ಅಭ್ಯಾಸ ಮಾಡಿದ ನಾವು ಇದೊಂದನ್ನು ಮರೆತಿದ್ದೆವು.

ಶ್ವೇತಾ ಮಗುವನ್ನು ಎದೆಗೆ ಒತ್ತಿಕೊಂಡಳು. ಬೈಗುಳ ಬರುತ್ತದೆ ಎಂದು ನಾವೆಲ್ಲ ಕಾಯುತ್ತಿದ್ದೆವು. ನಾನಂತೂ ತಿರುಗಿ ಬೈಯಲು ರೆಡಿಯಾಗಿದ್ದೆ. ಡಾಕ್ಟರು ಕುರ್ಚಿ ಎಳೆದುಕೊಂಡು ಶ್ವೇತಾಳ ಪಕ್ಕ ಬಂದು ಕೂತರು.

"ನೋಡಿಮ್ಮ, ನಾನು ಬಯ್ಯೋಕೆ ಕೇಳ್ಲಿಲ್ಲ. ಹುಡುಕೋಕೆ ಕೇಳಿದೆ. ನೀವು ಮುಚ್ಚಿಟ್ರೆ ನಾನು ಎಲ್ಲಿ ಅಂತ ಹುಡುಕ್ಲಿ?"

ಶ್ವೇತಾ, ನನ್ನ ಕಡೆ ನೋಡದೆಯೇ, "ಇದು ಎರಡನೇ ಮಗು ಮೇಡಂ" ಅಂದಳು. "ಮೊದಲನೇದು ಧೃತಿ. ಹೀಗೇ ಆಗಿತ್ತು. ಹೀಗೇ ಬಾಯಲ್ಲಿ ಬಿಳಿ ಬಂದಿತ್ತು."

"ಅವಳ ಹಳೇ ರಿಪೋರ್ಟು ಏನಾದ್ರೂ ಇದೆಯಾ?"

"ಇಲ್ಲ ಮೇಡಂ, ಅದೆಲ್ಲ ಸುಟ್ಟಾಯ್ತು" ಎಂದು ಸರೋಜಕ್ಕ ಬಾಯಿ ಹಾಕಿದಳು. ಸುಡು ಎಂದು ಹೇಳಿದವಳೂ ಅವಳೇ. ನೋಡಿದಾಗಲೆಲ್ಲ ಅಳ್ತೀಯ, ಬೇಡ ಬುಡು, ಸುಟ್ಟಾಕು ಅಂದಿದ್ದಳು.

"ಸುಟ್ಟಿಲ್ಲಮ್ಮ," ಅಂದಳು ಶ್ವೇತಾ. "ಬೀರುವಲ್ಲಿ ಇದೆ. ಧಾರೆ ಸೀರೆ ಕೆಳಗೆ."

ಗಿರೀಶ ದಟ್ಟಗಳ್ಳಿಯ ಮನೆಗೆ ಹೋಗಿ ಫೈಲ್ ತಂದ. ಡಾಕ್ಟರು ಧೃತಿಯದೊಂದು, ಇಂಚರಳದೊಂದು, ಎರಡು ಮಕ್ಕಳ ರಕ್ತದ ರಿಪೋರ್ಟನ್ನು ಮೇಜಿನ ಮೇಲೆ ಪಕ್ಕಪಕ್ಕದಲ್ಲಿಟ್ಟು ಒಂದೇ ಸಾಲಿನ ಮೇಲೆ ಬೆರಳಿಟ್ಟರು. ಲಿಂಫೋಸೈಟ್ ಎನ್ನುವ ಬಿಳಿ ರಕ್ತಕಣದ ಲೆಕ್ಕ ಅದು. ಇಬ್ಬರಲ್ಲೂ ಬಹಳ ಕಡಿಮೆ. ಪಕ್ಕದಲ್ಲಿ ಕಂಪ್ಯೂಟರೇ ಕಡಿಮೆ ಎಂದು ಗುರುತು ಹಾಕಿತ್ತು. ನಮ್ಮ ಬೀರುವಿನಲ್ಲಿ, ಸೀರೆಯ ಕೆಳಗೆ, ಉತ್ತರ ಅಷ್ಟು ದಿನ ಮಲಗಿತ್ತು.

ಆಮೇಲೆ ಇನ್ನೊಂದು ದೊಡ್ಡ ಪರೀಕ್ಷೆಗೆ ರಕ್ತವನ್ನು ಬೆಂಗಳೂರಿಗೆ ಕಳಿಸಿದರು. ಬಂದ ಉತ್ತರವನ್ನು ನಾನು ಅರ್ಥ ಮಾಡಿಕೊಂಡ ಹಾಗೆ ಹೇಳುತ್ತೇನೆ. ರೋಗದ ಜತೆ ಹೊಡೆದಾಡುವ ಕಣಗಳನ್ನು ತಯಾರಿಸುವ ವಿದ್ಯೆಯೇ ಈ ಮಗುವಿನ ಮೈಗೆ ಗೊತ್ತಿಲ್ಲ. ಅಪ್ಪನಿಂದ ಒಂದು, ಅಮ್ಮನಿಂದ ಒಂದು, ಹೀಗೆ ಎರಡು ಕಡೆಯಿಂದಲೂ ಒಂದೇ ಕೆಟ್ಟ ಜೀನ್ ಬಂದಿದೆ. ಒಂದೇ ಕಡೆಯಿಂದ ಬಂದಿದ್ದರೆ ಏನೂ ಆಗುತ್ತಿರಲಿಲ್ಲ. ಗಿರೀಶ, ಶ್ವೇತಾ ಇಬ್ಬರಲ್ಲೂ ಒಂದೊಂದು ಇದೆ, ಇಬ್ಬರೂ ಗುಂಡುಕಲ್ಲಿನ ಹಾಗಿದ್ದಾರೆ. ಇದು ಅಪರೂಪದ ಕಾಯಿಲೆ. ಚಿಕಿತ್ಸೆ ಇಲ್ಲದಿದ್ದರೆ ಇಂಥ ಮಕ್ಕಳಲ್ಲಿ ಹೆಚ್ಚಿನವರು ಮೊದಲ ವರ್ಷವನ್ನೇ ದಾಟುವುದಿಲ್ಲ. ಚಿಕಿತ್ಸೆ ಇದೆ: ಬೇರೆಯವರ ಮೂಳೆಯೊಳಗಿನ ಆಕರ ಕೋಶ, ಅಂದರೆ ಸ್ಟೆಮ್ ಸೆಲ್, ತೆಗೆದು ಮಗುವಿಗೆ ಹಾಕುವುದು. ಅವು ಮಗುವಿನ ಮೂಳೆಯಲ್ಲಿ ಮನೆ ಮಾಡಿಕೊಂಡರೆ, ಇಲ್ಲದ ಕಣಗಳನ್ನು ತಾವೇ ತಯಾರಿಸುತ್ತವೆ. ಆದರೆ ಹೊಂದಾಣಿಕೆ ಆಗುವವರು ಬೇಕು. ಅದೂ ಬೇಗ ಬೇಕು, ಮುಂದಿನ ದೊಡ್ಡ ಸೋಂಕು ಬರುವುದಕ್ಕೆ ಮುಂಚೆ.

ಅಲ್ಲಿಯವರೆಗೆ ತಮ್ಮನ್ನು ಕೇಳದೆ ಯಾವ ಲಸಿಕೆಯನ್ನೂ ಹಾಕಿಸಬೇಡಿ ಎಂದರು ಡಾಕ್ಟರು. (ಲಸಿಕೆ ಕಂಡರಾಗದವರು ಇಲ್ಲಿ ಚಪ್ಪಾಳೆ ತಟ್ಟಬೇಡಿ. ಸುತ್ತಲಿನ ಮಕ್ಕಳೆಲ್ಲ ತಪ್ಪದೆ ಹಾಕಿಸಿಕೊಂಡರೇ ಇಂಥ ಮಗು ಉಳಿಯುವುದು ಎಂದೂ ಅವರೇ ಹೇಳಿದರು.)

"ಅಪ್ಪ ಅಮ್ಮ ಅರ್ಧ ಹೊಂದ್ತಾರೆ. ಅದರಲ್ಲೂ ಮಾಡಬಹುದು. ಪೂರ್ತಿ ಹೊಂದೋರು ಸಿಕ್ಕಿದ್ರೆ ಇನ್ನೂ ಒಳ್ಳೇದು," ಅಂದರು. "ಸಾಮಾನ್ಯವಾಗಿ ಒಡಹುಟ್ಟಿದವರಲ್ಲಿ ನೋಡ್ತೀವಿ. ನಿಮ್ಮದು ಸಂಬಂಧದ ಮದುವೆ ಆಗಿರೋದ್ರಿಂದ ಹತ್ತಿರದ ನೆಂಟರಲ್ಲೂ ಸಿಗೋ ಚಾನ್ಸ್ ಇದೆ. ಅದಕ್ಕೇ ನಿಜ ಬೇಕಾಗಿತ್ತು ನಂಗೆ. ಎಷ್ಟು ಜನ ಸಿಕ್ತಾರೋ ಅಷ್ಟೂ ಜನರನ್ನ ಕರೆಸಿ."

ಇಲ್ಲಿ ನಾನೊಂದು ತಪ್ಪೊಪ್ಪಿಗೆ ಮಾಡಬೇಕು. ಆ ಮದುವೆಯನ್ನು ಮಾಡಿಸಿದ್ದು ನಾನು.

ಭಾವ ತೀರಿಕೊಂಡಾಗ ಸರೋಜಕ್ಕ ಒಂಟಿಯಾದಳು. ಶ್ವೇತಾಳನ್ನು ದೂರ ಕೊಟ್ಟರೆ ಹೇಗೆ ಎಂದು ದಿನವೂ ಕಣ್ಣೀರು. ಗಿರೀಶನಿಗೆ ಎರಡು ಮೂರು ಕಡೆ ನೋಡಿ ಯಾವುದೂ ಕೂಡಿಬಂದಿರಲಿಲ್ಲ. ಒಂದು ಸಂಜೆ ಕೃಷ್ಣಮೂರ್ತಿಪುರಂನ ಅಕ್ಕನ ಮನೆಯಲ್ಲಿ ಕಾಫಿ ಕುಡಿಯುತ್ತಾ ನಾನೇ ಹೇಳಿದೆ, ಗಿರೀಶನಿಗೇ ಕೊಟ್ಟುಬಿಡೋಣ, ಮಗಳು ಕಣ್ಣೆದುರೇ ಇರುತ್ತಾಳೆ ಅಂತ. ಶ್ವೇತಾಳನ್ನು ಕೇಳಿದೆವಾ? ಕೇಳಿದೆವು. ಹೇಗೆ ಕೇಳಿದೆವು ಎಂದರೆ, "ನಿಂಗೆ ಇಷ್ಟ ತಾನೆ?" ಎಂದು ಕೇಳಿದೆವು. ಅದಕ್ಕೆ ಇಪ್ಪತ್ತೊಂದರ ಹುಡುಗಿ ಏನು ಹೇಳಬೇಕು? ಸಾಲದ್ದಕ್ಕೆ ಆ ಮದುವೆಯ ಊಟದ ಬಗ್ಗೆ ಇದೇ ಅಂಕಣದಲ್ಲಿ ಬರೆದಿದ್ದೆ. ಸೊಸೆ ತರುವ ಬದಲು ಮಗಳನ್ನೇ ಉಳಿಸಿಕೊಂಡೆವು ಎಂದು ಬೀಗಿದ್ದೆ. ನಿಮ್ಮಲ್ಲಿ ಎಷ್ಟೋ ಜನ ಪತ್ರ ಬರೆದು ಹರಸಿದ್ದಿರಿ. ಆ ಬರಹವನ್ನು ನಾನು ವಾಪಸ್ ತೆಗೆದುಕೊಳ್ಳುತ್ತಿದ್ದೇನೆ. ಹರಕೆಗಳನ್ನು ಇಟ್ಟುಕೊಳ್ಳುತ್ತೇನೆ, ನಮಗೆ ಇನ್ನೂ ಬೇಕಾಗುತ್ತವೆ.

ಸರಿ, ನೆಂಟರನ್ನು ಕರೆದೆವು. ಒಂದು ಭಾನುವಾರ ಬೆಳಿಗ್ಗೆ ಅಕ್ಕನ ಮನೆಯ ಹಾಲ್‌ನಲ್ಲಿ ಲ್ಯಾಬಿನವರು ಬಂದು ಕೂತರು. ಕೆನ್ನೆಯ ಒಳಗೆ ಹತ್ತಿ ಸುತ್ತಿದ ಕಡ್ಡಿ ಆಡಿಸುವುದು, ಅಷ್ಟೇ ಕೆಲಸ. ಸೂಜಿ ಕೂಡ ಇಲ್ಲ. ಅಕ್ಕ ಹದಿನಾಲ್ಕು ಜನಕ್ಕೆಂದು ಇಡ್ಲಿ ಬೇಯಿಸಿದ್ದಳು. ಟೆಸ್ಟಿಗೆ ಐದು ಜನ ಬಂದರು.

ಉಳಿದವರು ಫೋನ್ ಮಾಡಿದರು. ಮೂಳೆ ಮಜ್ಜೆ ಕೊಟ್ಟರೆ ಸೊಂಟದ ಕೆಳಗೆ ಸ್ವಾಧೀನ ಹೋಗುತ್ತದಂತೆ. (ಯಾರು ಹೇಳಿದ್ದು? ವಾಟ್ಸ್ಆಪ್‌ನಲ್ಲಿ ಬಂದಿತ್ತಂತೆ.) ಒಬ್ಬರ ಮಗಳಿಗೆ ಗಂಡು ನೋಡುತ್ತಿದ್ದಾರಂತೆ, ಟೆಸ್ಟಿನಲ್ಲಿ ಏನಾದರೂ ಹೊರಬಿದ್ದರೆ ಕಷ್ಟವಂತೆ. ನಮ್ಮ ದೊಡ್ಡಪ್ಪನ ಮಗ ರಾಜಣ್ಣ ಮಾತ್ರ ಸ್ವತಃ ಬಂದ. ಇಡ್ಲಿ ತಿಂದ, ಬಾಯಿ ತೆರೆಯಲಿಲ್ಲ. ಅಂದರೆ ಕಡ್ಡಿಗೆ ತೆರೆಯಲಿಲ್ಲ. ಮಾತಿಗೆ ತೆರೆದ.

"ಶ್ವೇತಾ, ನಾನು ನಿನ್ನ ಒಳ್ಳೇದಕ್ಕೆ ಹೇಳ್ತೀನಿ ಕಣಮ್ಮ. ಆ ಕೂಸಿಗೆ ಯಾಕೆ ಇಷ್ಟೆಲ್ಲ ಹಿಂಸೆ ಕೊಡ್ತೀರಿ? ನಿಂಗಿನ್ನೂ ವಯಸ್ಸಿದೆ. ಇನ್ನೊಂದು ಮಗು ಮಾಡ್ಕೊಂಡ್ರಾಯ್ತು."

ಶ್ವೇತಾ ಕೇಳಿದಳು: "ಮಾಡ್ಕೋತೀನಿ ದೊಡ್ಡಮಾವ. ಈಗಿರೋದನ್ನ ಏನ್ ಮಾಡ್ಲಿ?"

ರಾಜಣ್ಣ ಕೈ ತೊಳೆಯಲು ಎದ್ದುಹೋದ. ಆ ಹುಡುಗಿ ನಮ್ಮ ಮನೆಯಲ್ಲಿ ಒಬ್ಬ ಹಿರಿಯರಿಗೆ ಎದುರು ಮಾತಾಡಿದ್ದು ಅದೇ ಮೊದಲು. ನನಗೆ ಒಳಗೊಳಗೇ ಖುಷಿಯಾಯಿತು, ಜತೆಗೆ ನಾಚಿಕೆಯೂ ಆಯಿತು. ಈ ಮಾತನ್ನು ಆಡಲು ಅವಳು ಎರಡು ಮಕ್ಕಳ ಕಾಯಿಲೆ ನೋಡಬೇಕಾಯಿತಲ್ಲ.

ಹದಿನೈದು ದಿನದ ಮೇಲೆ ಡಾಕ್ಟರ ಫೋನ್ ಬಂತು. ನಾನು ಮನೆ ಮುಂದೆ ಗಾಡಿಯವನ ಹತ್ತಿರ ಸೊಪ್ಪಿಗೆ ಚೌಕಾಸಿ ಮಾಡುತ್ತಿದ್ದೆ. ಗಿರೀಶ ಅರ್ಧ. ಶ್ವೇತಾ ಅರ್ಧ. ಸರೋಜಕ್ಕ ಅರ್ಧ. "ನೀವು ಪೂರ್ತಿ" ಅಂದರು. "ಬೇರೆ ಮನೆಗಳಲ್ಲಿ ಅತ್ತೆ ಹೀಗೆ ಪೂರ್ತಿ ಹೊಂದೋದು ಕಾಣಲ್ಲ. ನಿಮ್ಮಲ್ಲಿ ಮಗುವಿನ ಎರಡೂ ಕಡೆ ರಕ್ತವೂ ನಿಮ್ಮ ತಂದೆ ತಾಯಿಯಿಂದಲೇ ಬಂದಿದೆ, ನೀವು ಎರಡನ್ನೂ ಹಂಚಿಕೊಂಡಿದ್ದೀರಿ." ಸೊಪ್ಪಿನವನಿಗೆ ಅವನು ಹೇಳಿದಷ್ಟೇ ಕೊಟ್ಟು ಒಳಗೆ ಬಂದೆ. ಅಡುಗೆಮನೆಯ ನೆಲದ ಮೇಲೆ ಕೂತು ಚೆನ್ನಾಗಿ ಅತ್ತೆ.

ಸುದ್ದಿ ಮನೆಯ ವಾಟ್ಸ್ಆಪ್ ಗುಂಪಿಗೆ ಹೋಯಿತು. ರಾಜಣ್ಣ ಕೂಡಲೇ ಬರೆದ: "ನೋಡಿ, ಇದೇ ನಮ್ಮ ಹಿರಿಯರ ದೂರದೃಷ್ಟಿ. ಸಂಬಂಧದಲ್ಲಿ ಮದುವೆ ಮಾಡಿದ್ದಕ್ಕೇ ತಾನೆ ಮನೆಯಲ್ಲೇ ಮದ್ದು ಸಿಕ್ಕಿದ್ದು?" ಕೆಳಗೆ ಹನ್ನೊಂದು ಕೈ ಮುಗಿಯುವ ಚಿತ್ರಗಳು.

ನಾನೂ ಬರೆದೆ. ಮನೆಗೆ ಬೆಂಕಿ ಹಚ್ಚಿದವನು ಒಂದು ಬಕೆಟ್ ನೀರು ತಂದುಕೊಟ್ಟರೆ ಅವನಿಗೆ ಶಾಲು ಹೊದಿಸಬೇಕಾ ರಾಜಣ್ಣ? ಧೃತಿಗೆ ಯಾಕೆ ಸಿಗಲಿಲ್ಲ ನಿಮ್ಮ ದೂರದೃಷ್ಟಿ? ಗುಂಪಿನಲ್ಲಿ ಧೃತಿಯ ಹೆಸರು ಬಂದದ್ದು ಅದೇ ಮೊದಲು. ಆಮೇಲೆ ಎರಡು ದಿನ ಯಾರೂ ಗುಡ್ ಮಾರ್ನಿಂಗ್ ಕೂಡ ಹಾಕಲಿಲ್ಲ.

ಇನ್ನೊಂದು ಕಡೆಯವರಿಗೂ ನನ್ನ ಮಾತಿದೆ. ಸಂಬಂಧದ ಮದುವೆ ಎಂದ ಕೂಡಲೇ ಮೂಗು ಮುರಿಯುವ, ಹಳ್ಳಿಗುಗ್ಗುಗಳು ಎಂದು ನಗುವ ವಿದ್ಯಾವಂತರೇ, ನೀವು ನಕ್ಕಿದ್ದರಿಂದ ಎಷ್ಟು ಮದುವೆ ನಿಂತವು? ನನಗೆ ಗೊತ್ತಿರುವ ಹಾಗೆ ನಿಮ್ಮ ನಗುವಿನಿಂದ ಆದದ್ದು ಒಂದೇ, ಆಸ್ಪತ್ರೆಯ ಫಾರಂಗಳಲ್ಲಿ ಸುಳ್ಳು ಜಾಸ್ತಿಯಾಯಿತು. ಹಳೇ ಮೈಸೂರಿನ ಅರ್ಧ ಮನೆಗಳಲ್ಲಿ ಅಕ್ಕನ ಮಗಳೋ ಅತ್ತೆಯ ಮಗಳೋ ಸೊಸೆಯಾಗಿ ಬಂದಿದ್ದಾಳೆ. ಹೆಚ್ಚಿನವರ ಮಕ್ಕಳು ಚೆನ್ನಾಗಿಯೇ ಇದ್ದಾರೆ, ಅದಕ್ಕೇ ಯಾರೂ ನಂಬುವುದಿಲ್ಲ. ಅವರಿಗೆ ಬೇಕಾದ್ದು ಪಕ್ಕದಲ್ಲಿ ಕೂತು ಹೇಳುವವರು. ಮುಂದಿನ ಮದುವೆ ಬೇಡ ಎಂದು ಹೇಳಿ, ಆಗಿಹೋದ ಮದುವೆಯ ಮಗುವಿಗೆ ಮದ್ದು ಹುಡುಕಿ. ಎರಡನ್ನೂ ಒಬ್ಬರೇ ಮಾಡಬಹುದು. ನಮ್ಮ ನಾಲ್ಕನೇ ಡಾಕ್ಟರು ಮಾಡಿ ತೋರಿಸಿದರು.

ಬೆಂಗಳೂರಿನ ಆಸ್ಪತ್ರೆಯಲ್ಲಿ ಚಿಕಿತ್ಸೆ. ದುಡ್ಡು ಹೇಗೋ ಕೂಡಿಬಂತು, ಆ ಕತೆ ನನಗೂ ಬೇಡ ನಿಮಗೂ ಬೇಡ. ನಮ್ಮೆಜಮಾನರು ಡಾಕ್ಟರನ್ನು ಕೇಳಿದ ಪ್ರಶ್ನೆ ಒಂದೇ: "ಇವಳ ಕೋಪವೂ ಮಗುಗೆ ಹೋಗುತ್ತಾ?" ಅದಕ್ಕೆ ಗ್ಯಾರಂಟಿ ಕೊಡಲು ಆಗುವುದಿಲ್ಲ ಎಂದರಂತೆ.

ನನಗೆ ಏನು ಮಾಡಿದರು? ಅರಿವಳಿಕೆ ಕೊಟ್ಟು ಬೋರಲು ಮಲಗಿಸಿ, ಸೊಂಟದ ಹಿಂಭಾಗದ ಮೂಳೆಯಿಂದ ಸಿರಿಂಜಿನಲ್ಲಿ ಮಜ್ಜೆ ಎಳೆದರು. ಎಚ್ಚರವಾದಾಗ ಸ್ಕೂಟರ್‌ನಿಂದ ಬಿದ್ದಷ್ಟು ನೋವಿತ್ತು. ಮರುದಿನ ಓಡಾಡಿದೆ. ಒಂದು ವಾರ ಬಗ್ಗಿ ಕಸ ಗುಡಿಸಲಿಲ್ಲ, ಆಮೇಲೆ ನೋವು ಹೋದ ಮೇಲೂ ಎರಡು ವಾರ ಗುಡಿಸಲಿಲ್ಲ. ಸ್ವಾಧೀನ ಹೋಗುತ್ತದೆ ಎಂದವರ ಮನೆಗೆ ನಡೆದುಕೊಂಡೇ ಹೋಗಿ ಕಾಫಿ ಕುಡಿದು ಬಂದಿದ್ದೇನೆ.

ನನ್ನಿಂದ ತೆಗೆದದ್ದು ಒಂದು ಸಣ್ಣ ಚೀಲದಲ್ಲಿ ಬಂತು, ಕಾಫಿ ಲೋಟದಲ್ಲಿ ಹಿಡಿಸುವಷ್ಟು. ನಾನು ಏನೇನೋ ಯಂತ್ರ, ದೊಡ್ಡ ಆಪರೇಷನ್ ಅಂದುಕೊಂಡಿದ್ದೆ. ರಕ್ತ ಏರಿಸುವ ಹಾಗೆ ನಳಿಕೆಯಲ್ಲಿ ಬಿಟ್ಟರು, ಇಂಚರ ನಿದ್ದೆ ಮಾಡುತ್ತಿದ್ದಳು, ಮುಗಿಯಿತು. ಕಷ್ಟ ಇದ್ದದ್ದು ಆಮೇಲೆ. ಒಳಗೆ ಶ್ವೇತಾಳನ್ನು ಮಾತ್ರ ಬಿಡುತ್ತಿದ್ದರು, ಗಿರೀಶ ಗಾಜಿನ ಈಚೆ ನಿಂತು ಮಗಳನ್ನು ನೋಡುತ್ತಿದ್ದ. ಜ್ವರ ಬಂತು. ಮೈಮೇಲೆ ಕೆಂಪು ಗಂಧೆ ಎದ್ದಿತು. ನನ್ನ ಕಣಗಳು ಮಗುವಿನ ಮೈಯನ್ನು ಪರಕೀಯ ಎಂದುಕೊಂಡು ಜಗಳ ತೆಗೆದಿವೆ ಎಂದರು. ನಾನು ದಾನ ಕೊಟ್ಟೂ ಮಗುವನ್ನು ನೋಯಿಸುತ್ತಿದ್ದೇನಾ ಎಂದು ಎರಡು ದಿನ ನನಗೆ ಅನ್ನ ಇಳಿಯಲಿಲ್ಲ. ಆ ಜಗಳಕ್ಕೂ ಔಷಧಿ ಇತ್ತು. ನನ್ನ ಜತೆ ಸಂಸಾರ ಮಾಡುವುದು ಎಷ್ಟು ಕಷ್ಟ ಎಂದು ನಮ್ಮೆಜಮಾನರಿಗೆ ಮಾತ್ರ ಗೊತ್ತಿತ್ತು, ಈಗ ಒಂದು ಇಡೀ ವಾರ್ಡಿಗೆ ಗೊತ್ತಾಯಿತು.

ನಾಲ್ಕನೇ ವಾರ ಶ್ವೇತಾ ಫೋನ್ ಮಾಡಿದಳು. "ಚಿಕ್ಕಮ್ಮ, ಹೊಸ ಕಣ ಕಾಣಿಸ್ತಿವೆಯಂತೆ. ನಿಮ್ಮವು." ನನ್ನ ಪಕ್ಕ ಕೂತು ಹುರುಳಿಕಾಯಿ ಬಿಡಿಸುತ್ತಿದ್ದ ಸರೋಜಕ್ಕನಿಗೆ ಹೇಳಿದೆ. ಅವಳು ಕಾಯಿ ಬಿಡಿಸುವುದನ್ನು ನಿಲ್ಲಿಸಲಿಲ್ಲ. ಬಿಡಿಸುತ್ತಲೇ, "ಆ ಫೈಲ್ ಸುಟ್ಟಿದ್ರೆ ಏನಾಗ್ತಿತ್ತೇ?" ಅಂದಳು.

ಪೂರ್ತಿ ಗೆದ್ದೆವು ಎಂದು ಹೇಳುವುದಿಲ್ಲ. ಕಣಗಳು ಪಳಗಲು ಇನ್ನೂ ತಿಂಗಳುಗಳು ಬೇಕು. ಎಲ್ಲ ಮಕ್ಕಳಲ್ಲೂ ಹಿಡಿಯುವುದಿಲ್ಲ, ಹಿಡಿದದ್ದು ನಿಲ್ಲಬೇಕು. ಅದನ್ನು ಡಾಕ್ಟರು ಮೊದಲೇ ಹೇಳಿದ್ದರು, ಈಗಲೂ ಹೇಳುತ್ತಾರೆ. ಆದರೆ ಇಂಚರ ದಟ್ಟಗಳ್ಳಿಯ ಮನೆಗೆ ಬಂದಿದ್ದಾಳೆ. ನಾಲಗೆ ಗುಲಾಬಿ ಬಣ್ಣಕ್ಕೆ ತಿರುಗಿದೆ. ಮುಳ್ಳು ಮುಂದಕ್ಕೆ ಹೋಗುತ್ತಿದೆ. ಅವಳ ರಕ್ತದ ಗುಂಪು ಬೇರೆ ಇತ್ತು, ನಿಧಾನವಾಗಿ ನನ್ನ ಗುಂಪಿಗೆ ಬದಲಾಗುತ್ತಿದೆ.

ಮನೆಗೆ ಬಂದವಳನ್ನು ನೋಡಲು ಜನ ಬರಬಾರದು ಎಂಬುದು ಕಟ್ಟಪ್ಪಣೆ. ನಮ್ಮ ಊರಲ್ಲಿ ಇದನ್ನು ಪಾಲಿಸಲು ಸಾಧ್ಯವಾ? ಮಗು ಆಸ್ಪತ್ರೆಯಿಂದ ಬಂದಿದೆ ಎಂದರೆ ಬಾಳೆಹಣ್ಣು, ಬಿಸ್ಕತ್ತು ಹಿಡಿದು ಇಡೀ ಬಳಗ ಹೊರಡುತ್ತದೆ. ಬರದಿದ್ದರೆ ತಪ್ಪು ತಿಳಿದುಕೊಳ್ಳುತ್ತಾರೆ ಎಂಬ ಭಯಕ್ಕೆ ನೆಗಡಿ ಇದ್ದವರೂ ಹೊರಡುತ್ತಾರೆ. ಟೆಸ್ಟ್‌ಗೆ ಪುರುಸೊತ್ತಿಲ್ಲದ ಒಂಬತ್ತು ಜನರೂ ಬಂದರು ಕಣ್ರೀ. ಹದಿನೈದು ದಿನ ನಾನು ಗೇಟಿನ ಒಳಗೆ ಪ್ಲಾಸ್ಟಿಕ್ ಕುರ್ಚಿ ಹಾಕಿಕೊಂಡು ಕೂತೆ. ಹಣ್ಣು ಒಳಗೆ, ನೆಂಟರು ಹೊರಗೆ. "ಇಷ್ಟು ದೂರದಿಂದ ಬಂದವರನ್ನ ಬಾಗಿಲಲ್ಲೇ ನಿಲ್ಲಿಸ್ತೀಯಾ? ಇದೆಂಥ ಸಂಸ್ಕಾರ?" ಎಂದರು ಒಬ್ಬರು. ಕೆನ್ನೆಗೆ ಕಡ್ಡಿ ಆಡಿಸಿಕೊಳ್ಳಲು ಬರದೇ ಇದ್ದದ್ದು ಯಾವ ಸಂಸ್ಕಾರವೋ ಅದರ ತಂಗಿ ಇದು ಎಂದೆ. ಅವರು ಮಾತು ಬಿಟ್ಟಿದ್ದಾರೆ. ಮಗುವಿಗೆ ಜ್ವರ ಬಂದಿಲ್ಲ. ಈ ವ್ಯಾಪಾರದಲ್ಲಿ ನನಗೆ ಒಂದಿಷ್ಟೂ ಬೇಸರವಿಲ್ಲ.

ಇದನ್ನೆಲ್ಲ ಬರೆಯಲೇ ಎಂದು ಶ್ವೇತಾಳನ್ನು ಕೇಳಿದೆ. ಈ ಸಲ ಸರಿಯಾಗಿ ಕೇಳಿದೆ, ಬೇಡ ಎಂದರೆ ಬೇಡ ಎಂದೂ ಹೇಳಿದೆ. ಅವಳು ಮಗುವಿನ ಬಾಟಲಿ ಕುದಿಸುತ್ತಿದ್ದಳು.

"ಬರೀರಿ ಚಿಕ್ಕಮ್ಮ. ಧೃತಿ ಹೆಸರು ಹಾಕಿ. ಅವಳ ಹೆಸರು ಯಾರ ಬಾಯಲ್ಲೂ ಇಲ್ಲ. ಎಲ್ಲಾದ್ರೂ ಒಂದು ಕಡೆ ಇರ್ಲಿ."

ಹಾಕಿದ್ದೇನೆ ಮಗಳೇ. ಧೃತಿ ಇದ್ದಳು. ಏಳು ತಿಂಗಳು ಇದ್ದಳು. ಅವಳ ರಿಪೋರ್ಟ್ ಇಲ್ಲದೆ ಅವಳ ತಂಗಿ ಇರುತ್ತಿರಲಿಲ್ಲ.

ಬರೆಯುತ್ತಿರುವ ಸುದ್ದಿ ಹೇಗೋ ಹಬ್ಬಿತು. ನಿನ್ನೆ ರಾಜಣ್ಣನ ಫೋನ್. ಈ 'ರೋಗ'ದ ವಿಷಯ ಪೇಪರ್‌ನಲ್ಲಿ ಬೇಡ ಎಂದ. ದನಿಯಲ್ಲಿ ಸಿಟ್ಟಿರಲಿಲ್ಲ, ನಿಜವಾದ ಕಾಳಜಿಯೇ ಇತ್ತು, ಅದೇ ಕಷ್ಟ. "ಹೆಣ್ಣುಮಗು ಕಣಮ್ಮ ಅದು. ನಾಳೆ ಅದನ್ನ ಯಾರು ಮದ್ವೆ ಆಗ್ತಾರೆ ಹೇಳು? ಗಂಡಿನ ಕಡೆಯೋರು ಪೇಪರ್ ಓದಲ್ವಾ?"

ಇಂಚರಳಿಗೆ ಈಗ ಹನ್ನೊಂದು ತಿಂಗಳು. ಮೊನ್ನೆ ಕುರ್ಚಿ ಹಿಡಿದು ಎದ್ದು ನಿಂತಳು. ಅವಳು ಮೊದಲನೇ ಹುಟ್ಟುಹಬ್ಬ ನೋಡುತ್ತಾಳೋ ಇಲ್ಲವೋ ಎಂದು ನಾವು ಜೀವ ಕೈಯಲ್ಲಿ ಹಿಡಿದುಕೊಂಡಿರುವಾಗ, ಅವಳ ಮದುವೆ ನಿಂತುಹೋಗುವ ಚಿಂತೆ ಮಾಡಿದ ಏಕೈಕ ಮನುಷ್ಯ ನಮ್ಮ ರಾಜಣ್ಣ. ಆದರೂ ಅವನ ಪ್ರಶ್ನೆಗೆ ಉತ್ತರ ಕೊಡಲೇಬೇಕು. ಕಾಯಿಲೆ ವಾಸಿಯಾದರೂ ಇಂಚರಳ ಮಕ್ಕಳಿಗೆ ಆ ಜೀನ್ ಒಂದೊಂದು ಹೋಗಿಯೇ ಹೋಗುತ್ತದೆ. ಬರುವ ಹುಡುಗನಲ್ಲಿ ಅದು ಇರಬಾರದು, ಅಷ್ಟೇ. ಹಾಗಾಗಿ ನಮ್ಮ ಬಳಗದವರು ಯಾರೂ ಹೆಣ್ಣು ಕೇಳಲು ಬರಬೇಕಾಗಿಲ್ಲ.

ಉಳಿದವರು ಧಾರಾಳವಾಗಿ ಓದಲಿ ರಾಜಣ್ಣ, ಓದಿ, ಜಾತಕವನ್ನು ಮನೆಯಲ್ಲೇ ಬಿಟ್ಟು ಹುಡುಗನ ರಕ್ತದ ರಿಪೋರ್ಟ್ ಹಿಡಿದುಕೊಂಡು ಬರಲಿ. ನಾವು ನೋಡಿ, ಮನೆಯಲ್ಲಿ ಕೇಳಿ, ಆಮೇಲೆ ತಿಳಿಸುತ್ತೇವೆ.